ಐವತ್ತರ ಮಗ್ಗಿ

ಕುಥಿಂಗಿನ ಈ ಎರಡು ಕೋಣೆಯ ಪ್ರಯೋಗಾಲಯದಲ್ಲಿ
ನನ್ನ ಕೆಲಸ ಆಡಿನ ಹಿಕ್ಕೆ ಎಣಿಸುವುದು.
ಹಿಕ್ಕೆಯನ್ನಲ್ಲ, ಅದರೊಳಗಿನ ಮೊಟ್ಟೆಯನ್ನು.
ಅತ್ತೆಗೆ ಇನ್ನೂ ಬಿಡಿಸಿ ಹೇಳಿಲ್ಲ;
ಸರ್ಕಾರಿ ನೌಕರಿ ಅಂದಿದ್ದೇನೆ, ಅಷ್ಟೇ.

ನೀರು ಕುದಿಸಿ ಉಪ್ಪು ಸುರಿಯುತ್ತೇನೆ,
ಇನ್ನು ಕರಗಲಾರೆ ಎಂದು ಉಪ್ಪೇ ಹಟ ಹಿಡಿಯುವವರೆಗೆ.
ನಾಲ್ಕು ಗ್ರಾಂ ಹಿಕ್ಕೆ, ಐವತ್ತಾರು ಮಿಲಿಲೀಟರ್ ಉಪ್ಪುನೀರು;
ಅರೆದು, ಚಹಾದ ಜಾಲರಿಯಲ್ಲಿ ಸೋಸಿ
– ಕುಡಿಯುವ ಚಹಾದ ಜಾಲರಿ ಬೇರೆ, ಮೊದಲೇ ಹೇಳಿಬಿಡುತ್ತೇನೆ –
ಗೆರೆ ಎಳೆದ ಗಾಜಿನ ಎರಡು ಪುಟ್ಟ ಕೋಣೆಗಳಿಗೆ ತುಂಬಿ
ಐದು ನಿಮಿಷ ಕೈಕಟ್ಟಿ ಕೂರುತ್ತೇನೆ.
ಹಗುರವಾದದ್ದು ತೇಲಿ ಬಂದು ಗೆರೆಗಳ ಕೆಳಗೆ ನಿಲ್ಲುತ್ತದೆ.
ಯಕೃತ್ತಿನ ಚಪ್ಪಟೆ ಹುಳುವಿನ ಮೊಟ್ಟೆ ಮಾತ್ರ ಭಾರ.
ಅದಕ್ಕೆ ಬೇರೆ ಲೋಟ, ಬರೀ ನೀರು,
ತಳಕ್ಕಿಳಿಯಲಿ ಎಂದು ಕಾಯುವ
ಬೇರೆಯೇ ಒಂದು ತಾಳ್ಮೆ.

ಒಂದು ಕಂಡರೆ ಐವತ್ತು. ಎರಡು ಕಂಡರೆ ನೂರು.
ನಿದ್ದೆಯಲ್ಲೂ ಬರುತ್ತದೆ ಈ ಮಗ್ಗಿ.

ಜನವರಿಯಲ್ಲಿ ಮೊಖೆಥಿ ಬಂದ.
ಹದಿನಾರಿರಬಹುದು ವಯಸ್ಸು. ಮೇಲಿನ ಹುಲ್ಲುಗಾವಲಿನಿಂದ
ಎರಡು ದಿನದ ನಡಿಗೆ.
ಕಂಬಳಿಯ ಒಳಗಿಂದ, ಅಂಗಿಯ ಒಳಗಿಂದ,
ಬರಿಮೈಗೆ ಒತ್ತಿ ಕಟ್ಟಿಕೊಂಡಿದ್ದ ಸಕ್ಕರೆಯ ಚೀಲ ಬಿಚ್ಚಿದ.

ಎಣಿಸಿದೆ. ಎಡದ ಕೋಣೆಯಲ್ಲಿ ಎರಡು, ಬಲದಲ್ಲಿ ಒಂದು.
ನೂರೈವತ್ತು. ತೊಂದರೆ ಇಲ್ಲ ಎಂದು ಬರೆಯಲು
ಪೆನ್ನಿನ ಮುಚ್ಚಳ ತೆಗೆದೆ.
‘ಮ್ಮೆ, ಅವಳ ಕಣ್ಣು ಹಾಲಿನ ಹಾಗಿದೆ’ ಅಂದ,
ತನ್ನದೇ ಕೆಳರೆಪ್ಪೆ ಎಳೆದು ತೋರಿಸುತ್ತ.
‘ಗದ್ದದ ಕೆಳಗೆ ನೀರು ಜೋತಿದೆ.
ಪುಲೆಂಗ್ ಅಂತ ಹೆಸರು, ಮಳೆಯಲ್ಲಿ ಹುಟ್ಟಿದಳು.
ಮೊದಲೆಲ್ಲ ಮಂದೆಯ ಮುಂದಿರುತ್ತಿದ್ದಳು. ಈಗ
ಸಂಜೆ ನಾನೇ ಹಿಂದೆ ಹೋಗಿ ಕರೆತರಬೇಕು.’

ಚೀಲವನ್ನು ಮತ್ತೆ ಮುಟ್ಟಿದೆ. ಇಷ್ಟು ಬೆಚ್ಚಗೆ ಯಾಕಿದೆ?
ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.
ರಾತ್ರಿ ಚಳಿ ಇತ್ತು. ಅವಳದ್ದು, ಕೆಡಬಾರದು.
ಈಗಷ್ಟೇ ಹುಟ್ಟಿದ ಮರಿಯನ್ನೂ ಹಾಗೇ ಅಲ್ಲವೇ ತರುವುದು?

ಒಂದು ಚಿಟಿಕೆಯನ್ನು ಬರೀ ನೀರಿಗೆ ಹಾಕಿ ನೋಡಿದೆ.
ಒಡೆದ ಸಿಪ್ಪೆಗಳು. ಅವುಗಳ ನಡುವೆ
ಕೂದಲಿಗಿಂತ ಸಣ್ಣಗೆ, ಏನೋ ಅವಸರದಲ್ಲಿ,
ಮರಿಹುಳುಗಳು.
ನನ್ನ ಬಿಸಿಪೆಟ್ಟಿಗೆ ಏಳು ದಿನ ಮಾಡುವ ಕೆಲಸವನ್ನು
ಅವನ ಎದೆ ದಾರಿಯಲ್ಲೇ ಶುರುಮಾಡಿತ್ತು.
ಯಾರಿಗಾಗಿ ಕಾಪಾಡಿದ ಶಾಖವೋ, ಯಾರು ಉಂಡರೋ.

ನೋಡು ಎಂದೆ. ಟೋಪಿ ತೆಗೆದು ಮಸೂರಕ್ಕೆ ಬಗ್ಗಿದ.
ಬಹಳ ಹೊತ್ತು ಮಾತಿಲ್ಲ.
ಸುಮ್ಮನಿರಲಾರದೆ ಕೇಳಿದೆ: ನಿನ್ನ ಮಂದೆ ಎಷ್ಟು?
ಬಗ್ಗಿದವನು ಬಗ್ಗಿಕೊಂಡೇ ಅಂದ:
‘ಎಣಿಸುವುದಿಲ್ಲ.
ಯಾರು ಬಂದಿಲ್ಲ ಅಂತ ನೋಡುತ್ತೇನೆ.’

ವಹಿಯಲ್ಲಿ ನೂರೈವತ್ತನ್ನು ಹೊಡೆದುಹಾಕಿದೆ.
ತೂಕ ಕೇಳಿದೆ, ಅಂದಾಜಿನ ಮೇಲೆ ಔಷಧಿ ಕೊಟ್ಟೆ.
ಮುಂದಿನ ಸಲ ಹಿಕ್ಕೆಯನ್ನು ಹಳ್ಳದ ನೀರಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತು,
ಮೈಗೆ ತಾಗಿಸಬೇಡ, ಎಂದು ಎರಡೆರಡು ಬಾರಿ ಹೇಳಿದೆ.
ತಲೆಯಾಡಿಸಿದ, ಬೈಸಿಕೊಂಡವನಂತೆ.

ಮಾರ್ಚಿನಲ್ಲಿ ವ್ಯಾನಿನ ಡ್ರೈವರ್ ಕೈಯಲ್ಲಿ
ಒಂದು ಪೊಟ್ಟಣ ಬಂತು. ಒದ್ದೆ ಬಟ್ಟೆ, ಕಲ್ಲಿನಷ್ಟು ತಣ್ಣಗೆ.
ಎಂಥ ಚೊಕ್ಕ ಮಾದರಿ!
ನಲವತ್ತೊಂದು ಕಂಡವು. ಎರಡು ಸಾವಿರದ ಐವತ್ತು.
ಯಾವ ಆಡಿನದೆಂದು ಚೀಟಿ ಇರಲಿಲ್ಲ.
ಪೊಟ್ಟಣ ತಿರುವಿ ನೋಡಿದೆ, ಗಂಟು ಬಿಚ್ಚಿ
ಬಟ್ಟೆಯ ಒಳಮೈಯನ್ನೂ ನೋಡಿದೆ.

ಡ್ರೈವರ್ ಹೊರಗೆ ಹಾರ್ನ್ ಒತ್ತುತ್ತಿದ್ದ.
ಔಷಧಿ ಕಟ್ಟಿಕೊಡುತ್ತ ಕೇಳಿದೆ:
ಪುಲೆಂಗ್ ಬಂದಳಂತೇನು?
ಅವನು ಅದು ಯಾವ ಊರು ಅಂದ.