ಕೆಳಗೆ ಇನ್ನೂ ಜಾಗವಿದೆ

ಚಿಲೋಯೆಯ ದೋಣಿಕಟ್ಟೆ. ತಗಡಿನ ಶೆಡ್ಡು.
ಟಿಕೆಟ್ ಕಿಂಡಿಯ ಪಕ್ಕ ಒಂದು ಮೊಳೆ,
ಮೊಳೆಗೆ ಬಲೆಯಿಂದ ಕಿತ್ತ ನೈಲಾನ್ ದಾರ,
ದಾರದ ತುದಿಗೆ ನೂರು ಪುಟದ ನೋಟ್‌ಬುಕ್ಕು.
ಪೆನ್ನು ಮಾತ್ರ ನನ್ನದು,
ತಿಂಗಳಿಗೆರಡು ಕಳುವಾಗುತ್ತವೆ.

ದೂರು ಬರೆಯಲೆಂದು ಕಂಪನಿಯವರು ತೂಗುಹಾಕಿದ್ದು.
ಮೊದಲ ಪುಟದಲ್ಲಿ ಒಂದೇ ದೂರು: ಬೆಂಚು ಒದ್ದೆ.
ಅದರ ಕೆಳಗೆ ಬೇರೆ ಕೈಬರಹ:
ಈ ದ್ವೀಪದಲ್ಲಿ ಒಣಗಿದ್ದು ಏನಿದೆ, ಸ್ವಾಮಿ?
ಅಲ್ಲಿಂದ ಶುರು.

ಈ ಚಳಿಗಾಲ ಎರ್ಮಿಂದಾ ನಾವೆಲ್ಕೀನ್ ಬರೆದಳು,
ಎಂಬತ್ತರ ಅಜ್ಜಿ, ಒಂದೊಂದು ಅಕ್ಷರವೂ ಗುಂಡಿಯಷ್ಟು ದಪ್ಪ:
"ನನ್ನಮ್ಮ ಬೆಳೆಯುತ್ತಿದ್ದ ಆಲೂಗಡ್ಡೆ,
ಹೊರಗೆ ಕಪ್ಪು, ಒಳಗೆ ನೇರಳೆ ಉಂಗುರ,
ಕರುವಿನ ಗೊರಸಿನ ಆಕಾರ.
ಬೀಜ ಯಾರ ಹತ್ತಿರ ಉಳಿದಿದೆ?"

ಮಂಗಳವಾರ ಒಬ್ಬರು: ನಮ್ಮಲ್ಲಿತ್ತು, ರೋಗ ಬಂದು ಹೋಯಿತು.
ಗುರುವಾರ ಇನ್ನೊಬ್ಬರು: ಅದು ಉಂಗುರವಲ್ಲ, ಚುಕ್ಕೆ.
ಮಾರನೆಯ ದಿನ: ಉಂಗುರವೇ. ನಾನು ತಿಂದಿದ್ದೇನೆ, ನೀವು?
ನಡುವೆ ಯಾವುದೋ ಮಗು ಬಿಡಿಸಿದ ತಿಮಿಂಗಿಲ.
ಶನಿವಾರ ಮೇಷ್ಟ್ರು ಎವಾರಿಸ್ತೋ ಕೆಂಪು ಶಾಯಿಯಲ್ಲಿ
ಎಲ್ಲರ ಕಾಗುಣಿತ ತಿದ್ದಿ, ಸಹಿ ಹಾಕಿ, ದೋಣಿ ಹತ್ತಿದರು.
ಸಂಜೆಯೊಳಗೆ ಆ ಸಹಿಗೆ ಎರಡು ಕೊಂಬು ಮೂಡಿದ್ದವು.

ಆಮೇಲೆ ಆಲೂಗಡ್ಡೆ ಮೂಲೆಗೆ ಸರಿಯಿತು.
ಉಂಗುರದವರು, ಚುಕ್ಕೆಯವರು,
ಯಾರ ತಾತ ಯಾರ ಬೇಲಿ ಒತ್ತಿದ್ದ,
ಯಾವ ಮದುವೆಯಲ್ಲಿ ಯಾರ ತಟ್ಟೆಗೆ ಮಾಂಸ ಬೀಳಲಿಲ್ಲ.
ಹೆಸರು ಹಾಕದ ಒಬ್ಬ, ಒತ್ತಿ ಒತ್ತಿ ಬರೆಯುವವನು,
"ಮುದುಕಿಗೆ ಅರುಳುಮರುಳು" ಎಂದು ಬರೆದ.
ಆ ಮಾತಿನ ಗುರುತು
ಕೆಳಗಿನ ಮೂರು ಖಾಲಿ ಹಾಳೆಗೂ ಇಳಿದಿತ್ತು.
ಕಣ್ಣು ಮುಚ್ಚಿ ಬೆರಳಾಡಿಸಿದರೂ ಓದಬಹುದಿತ್ತು.

ಒಂಬತ್ತು ವರ್ಷದಿಂದ ಎಲ್ಲವನ್ನೂ ಓದಿದವಳು ನಾನು,
ಒಂದಕ್ಷರ ಬರೆದವಳಲ್ಲ.
ಚಿಲ್ಲರೆ ಎಣಿಸುವವಳಿಗೆ ಅಭಿಪ್ರಾಯ ಇರಬಾರದೆಂದು
ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ.
ಕಿಂಡಿಯ ಈಚೆ ಕೂತು ಎಷ್ಟೊಂದು ಉತ್ತರ ರುಬ್ಬಿದ್ದೇನೆ,
ಹದಕ್ಕೆ ಬರುವಷ್ಟರಲ್ಲಿ ದೋಣಿ ಹೋಗಿರುತ್ತದೆ.

ಆ ಸಂಜೆ ಗಾಳಿ. ಕೊನೆಯ ದೋಣಿ ರದ್ದು.
ಅಜ್ಜಿ ಬಂದಳು, ಚೀಲ ಕೆಳಗಿಟ್ಟಳು,
ಕನ್ನಡಕ ಹುಡುಕಿ, ಸಾಲುಸಾಲಾಗಿ ಓದಿದಳು.
ಆ ಮಾತಿನ ಮೇಲೂ ಬೆರಳು ಹಾಯಿತು. ನಿಲ್ಲಲಿಲ್ಲ.
ಪೆನ್ನು ಕೇಳಿ ಇಸಕೊಂಡು ಬರೆದಳು:
"ಚುಕ್ಕೆಯೇ ಇದ್ದೀತು. ಆಗ ನಾನು ಚಿಕ್ಕವಳು,
ದೀಪವೂ ಮಂದ. ಯಾರಲ್ಲಾದರೂ ಇದೆಯೇ?"
ಪೆನ್ನು ವಾಪಸು ಕೊಟ್ಟಳು.
ಹಾಗೆ ಕೊಟ್ಟವರು ಆಕೆ ಒಬ್ಬಳೇ.

ಶೆಡ್ಡಿಗೆ ಬೀಗ ಹಾಕಿದವಳು
ಬೀಗ ತೆಗೆದು ಮತ್ತೆ ಒಳಗೆ ಬಂದೆ.
ಮೊಬೈಲ್ ಬೆಳಕಿನಲ್ಲಿ, ನಿಂತುಕೊಂಡೇ,
ಇಷ್ಟೇ ಬರೆದೆ:
"ನನ್ನಲ್ಲಿಲ್ಲ. ಕೇಳಿ ನೋಡುತ್ತೇನೆ. ಟಿಕೆಟ್ಟಿನವಳು."
ಇಷ್ಟಕ್ಕೇ ಕೈ ಬೆವೆತಿತ್ತು.

ಎಂಟು ದಿನ ಏನೂ ಇಲ್ಲ.
ಕೆಳಗಿನ ಜಾಗ ಬೆಳ್ಳಗೆ ಹಾಗೇ ಇತ್ತು.
ಬೆಳಿಗ್ಗೆ ಮೊದಲು ಅದನ್ನು ನೋಡಿ ಆಮೇಲೆ ಗಲ್ಲಾ ತೆರೆಯುತ್ತಿದ್ದೆ.
ಒಂಬತ್ತನೆಯ ದಿನ ನನ್ನ ಸಾಲಿನ ಮೇಲೆ
ಪುಟ್ಟದೊಂದು ಕೆಂಪು ಗೀಟು,
ಒಂದು ದೀರ್ಘ ತಪ್ಪಿತ್ತಂತೆ.
ನಗಬೇಡಿ, ಇಡೀ ದಿನ ಖುಷಿಯಲ್ಲಿದ್ದೆ.

ಈಗ ಪ್ರತಿಯೊಬ್ಬರಿಗೂ ಚಿಲ್ಲರೆಯ ಜೊತೆ ಕೇಳುತ್ತೇನೆ:
ಹೋಗುವುದಕ್ಕೆ ಮಾತ್ರವೋ, ಬರುವುದಕ್ಕೂ ಬೇಕೋ?
ಅಂದಹಾಗೆ, ಕಪ್ಪು ಆಲೂಗಡ್ಡೆ,
ಒಳಗೆ ಉಂಗುರ, ಇಲ್ಲವೇ ಚುಕ್ಕೆ,
ಎಲ್ಲಾದರೂ ಕಂಡಿದ್ದೀರಾ?