ಹೆಬ್ಬೆರಳು ಒಳಗೆ

ಕ್ಲಬ್ಬಿನವರು ಕೊಟ್ಟ ಹಾಳೆಯಲ್ಲಿ ಬರೆದಿತ್ತು:
ಪ್ರತ್ಯೇಕ ಹಾಸಿಗೆ, ಓದಲು ಮೇಜು, ಪ್ರೀತಿಯ ವಾತಾವರಣ.
ಮೊದಲೆರಡಕ್ಕೆ ನನ್ನವನ್ನೇ ಬಿಟ್ಟುಕೊಟ್ಟೆ.
ಮೂರನೆಯದನ್ನು ಅಮ್ಮ ನೋಡಿಕೊಳ್ಳುತ್ತೇನೆಂದಳು.

ನಿಟ್ಟುವಳ್ಳಿಯ ನಮ್ಮ ಬಾಗಿಲಿಗೆ ಅವಳು ಬಂದದ್ದು ಸಂಜೆ.
ಫ್ರಾನ್ಸಿನಿಂದ, ಬೆನ್ನಿಗೊಂದು ಚೀಲ, ಎದೆಗೊಂದು ಚೀಲ,
ಎರಡರ ನಡುವೆ ಬಿಸಿಲಿಗೆ ಬೆಂದ ಮೂಗು.
ಕೆನ್ನೆಗೆ ಕೆನ್ನೆ ತಾಗಿಸಲು ಬಾಗಿದಳು;
ಅಮ್ಮ ಹಿಂದೆ ಸರಿದು ಫ್ರಿಜ್ಜಿಗೆ ಬಡಿದಳು.
ಆರತಿ ನೀರು ಚೆಲ್ಲಿತು.
ಮಾತಿಲ್ಲದೆ ಎಲ್ಲರೂ ನೆಲ ಒರೆಸಿದೆವು, ಅವಳೂ.

ಹೆಸರು ಸೊಲೆನ್.
ಅಜ್ಜನ ಕಿವಿಗೆ ಬಾಯಿಟ್ಟು ಕೂಗಿದೆ: ಸೊಲೆನ್!
'ಅದನ್ನೇ ನಾನೂ ಕೇಳ್ತಿರೋದು, ಸೊಲ್ಲೇನು?' ಅಂದ.

ಅವಳ ನಾಲಗೆಯಲ್ಲಿ ಹಕಾರವಿಲ್ಲ.
ಹಾಲು ಆಲಾಯಿತು, ಹೂವು ಊವಾಯಿತು.
ತಿದ್ದಲು ಹೋದರೆ ಅಮ್ಮ ನನಗೇ ಗದರಿದಳು:
'ಬಿಡೇ, ನಮ್ಮ ತವರಲ್ಲಿ ಎಲ್ರೂ ಹಂಗೇ ಅನ್ನೋದು.
ಹಿರಿಯೂರು ಕಡೆಯವಳೇ ಇರಬೇಕು ಇವಳು.'

ಬೆಣ್ಣೆ ನೆಕ್ಕಿ ನೋಡಿ, ಉಪ್ಪೆಲ್ಲಿ, ಎಂದು ಕೇಳಿದಳು.
ಅವಳದು ಕಡಲ ದಂಡೆ; ಅಲ್ಲಿ ಬೆಣ್ಣೆಗೂ ಉಪ್ಪಂತೆ.
ದಾವಣಗೆರೆಯವರ ಮುಂದೆ ಆಡುವ ಮಾತೇ ಅದು!
ಅಪ್ಪ ಒಂದು ದಿನ ಪೂರ್ತಿ ಮುನಿಸಿಕೊಂಡ.

ಎರಡನೇ ದಿನ ಕಲಿತ ಪದ: ಸಾಕು.
ಮೂರನೇ ರೊಟ್ಟಿಗೆ ಅಂಗೈ ಅಡ್ಡ ಹಿಡಿದು, ಸಾಕು, ಸಾಕು.
ಅಮ್ಮ ಅದರ ಇನ್ನೊಂದು ಅರ್ಥ ಹಿಡಿದು
ನಾಲ್ಕನೆಯದನ್ನೂ ಹಾಕಿದಳು.

ನಸುಕಿನ ನಾಲ್ಕಕ್ಕೆ ನಳದಲ್ಲಿ ನೀರು ಬಂದಾಗ
ಇಡೀ ಓಣಿ ಕೊಡಗಳ ಸದ್ದಿನೊಡನೆ ಎದ್ದಿತು.
ಎಲ್ಲೋ ಬೆಂಕಿ ಬಿತ್ತೆಂದುಕೊಂಡು ಅವಳು
ಪಾಸ್‌ಪೋರ್ಟ್ ಹಿಡಿದು ಬರಿಗಾಲಲ್ಲಿ ಓಡಿಬಂದಳು.

ನಾನು ಇಂಗ್ಲಿಷಿನಲ್ಲಿ ಅರವತ್ತು ವಾಕ್ಯ ಬರೆದಿಟ್ಟಿದ್ದೆ,
ತಿಂಗಳಿಡೀ ಕನ್ನಡಿ ಮುಂದೆ ಆಡಿ ಆಡಿ.
ಒಂದೂ ಬೇಕಾಗಲಿಲ್ಲ.
ಅವಳು ಹೋಗಿ ಕೂತದ್ದು ಅಜ್ಜನ ಮಂಚದ ಬಳಿ.

ಅಜ್ಜ ಮೂವತ್ತೊಂದು ವರ್ಷ ಕಾಟನ್ ಮಿಲ್ಲಿನಲ್ಲಿದ್ದ.
ಕಿವಿಯನ್ನು ಅಲ್ಲೇ ಬಿಟ್ಟುಬಂದ. ಮಿಲ್ಲು ಮುಚ್ಚಿದಾಗ
ಬಾಕಿ ಸಂಬಳದ ಹಾಗೆ ಅದೂ ವಾಪಸ್ಸು ಬರಲಿಲ್ಲ.
ನೂರು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವಲ್ಲಿ
ಬಾಯಿ ಯಾತಕ್ಕೆ? ಕೈಯೇ ಮಾತು.
ಮೀಸೆ ತಿರುವಿದರೆ, ಸೂಪರ್‌ವೈಸರ್ ಬರುತ್ತಿದ್ದಾನೆ.
ಕಿರುಬೆರಳು ತುಟಿಗಿಟ್ಟರೆ, ಚಹಾ.
ತೋರುಬೆರಳೆರಡನ್ನು ತುದಿಗೆ ತುದಿ ತಾಗಿಸಿ ಬೇರೆ ಮಾಡಿದರೆ,
ದಾರ ಕಡಿದಿದೆ.

ಈ ನುಡಿ ಬಲ್ಲವರು ಊರಲ್ಲಿ ಈಗ ನಾಲ್ವರೋ ಐವರೋ.
ಅವರಲ್ಲೊಬ್ಬ, ದಸ್ತಗಿರ್ ಸಾಬ್, ಶುಕ್ರವಾರ ಬಂದು ಕೂತರೆ
ಇಬ್ಬರೂ ಗಂಟೆಗಟ್ಟಲೆ ಸದ್ದಿಲ್ಲದೆ ಜಗಳಾಡುತ್ತಾರೆ.
ಮುದುಕರ ಕೈನಡುಕ ಅಂದುಕೊಂಡಿದ್ದೆ ನಾನು,
ಹದಿನೇಳು ವರ್ಷ.
ಸೊಲೆನ್ ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು,
ಪುಟಕ್ಕೊಂದು ಕೈ, ಅಜ್ಜನ ಮುರಿದ ಉಗುರಿನ ಸಮೇತ.

ಐದನೇ ರಾತ್ರಿ. ಮಾಳಿಗೆ ಮೆಟ್ಟಿಲಲ್ಲಿ ಕೂತು
ಅವಳಮ್ಮನೊಡನೆ ಫೋನಿನಲ್ಲಿದ್ದಳು.
ಪರದೆಯ ಮುಖ ಚೂರುಚೂರಾಗಿ
ನಿಂತೇ ಹೋಯಿತು, ಬಾಯಿ ಅರ್ಧ ತೆರೆದು.
ಒಳಗೆ ಬಂದವಳು ಏನೂ ಅನ್ನಲಿಲ್ಲ.
ಅಜ್ಜನೆದುರು ತೋರುಬೆರಳೆರಡನ್ನು ಕೂಡಿಸಿ
ಬೇರೆ ಮಾಡಿದಳು.

ಅಜ್ಜನಿಗೆ ಅವಸರವಿರಲಿಲ್ಲ. ಕನ್ನಡಕ ಹಾಕಿಕೊಂಡು,
ಗಾಳಿಯಲ್ಲಿ ಎರಡು ತುದಿ ಹುಡುಕಿ,
ಹೆಬ್ಬೆರಳಲ್ಲಿ ಹೊಸೆದು
ಒಂದು ಗಂಟು ಹಾಕಿದ.

ಬಾಗಿಲ ಮರೆಯಲ್ಲಿ ನಿಂತ ನಾನೂ
ಯಾರೂ ನೋಡುತ್ತಿಲ್ಲವೆಂದು ಬೆರಳು ಹೊಸೆದೆ.
ಅವಳು ನೋಡಿಬಿಟ್ಟಳು. ಹತ್ತಿರ ಬಂದು
'ಆಗಲ್ಲ,' ಅಂದಳು, 'ಆಗಲ್ಲ,'
ನನ್ನ ಹೆಬ್ಬೆರಳನ್ನು ಮೆಲ್ಲಗೆ ಒಳಕ್ಕೆ ಮಡಿಸಿದಳು.