ಉಪ್ಪುನೀರಿನ ಗಾದಿ

ಸ್ಟೇಷನ್ ರೋಡಿನ ಕಣ್ಣಿನ ದವಾಖಾನಿ, ಬಿಜಾಪುರ.
ಬೋರಿನ ಸವಳು ನೀರು ಮೂರು ಸಲ ಸೋಸಿ, ಸಪ್ಪಗ ಮಾಡಿ,
ಮತ್ತ ಅದಕ್ಕ ಚೀಲದ ಉಪ್ಪು ಬೆರಸತೀನಿ ನಾನು.
ಕೇಳಿದವರು ನಗತಾರ.
ಸವಳು ಬ್ಯಾರೆ, ಸಮುದ್ರ ಬ್ಯಾರೆ,
ಮೀನಿಗೆ ಗೊತ್ತು.

ನಾ ಸಮುದ್ರ ನೋಡಿಲ್ಲ.
ನಾಕು ಫೂಟಿನ ಗಾಜಿನೊಳಗ ಅದರ ತಳ ಅಷ್ಟ ನೋಡೀನಿ.
ಬಿಳಿ ಮರಳು, ಎರಡು ಬೆರಳು ದಪ್ಪ;
ಸೋಮವಾರ ಹಾಲಿನಂಗ, ಗುರುವಾರದೊಳಗ
ಆರಿದ ಚಾದ ಮ್ಯಾಲಿನ ಕೆನಿಯಂಗ ಕಂದು.

ನಮ್ಮದು ನದಾಫರ ಮನಿ.
ಅಪ್ಪ ಬಿಲ್ಲು ಹೆಗಲಿಗೆ ಹಾಕ್ಕೊಂಡು ಜೋರಾಪುರ ಪೇಟ್ಯಾಗ
ಟಂಯ್ ಟಂಯ್ ಅಂತ ನಡದರ
ಹೆಂಗಸರು ಅಟ್ಟದಿಂದ ಗಾದಿ ಇಳಸತಿದ್ರು.
ಗಂಟುಗಟ್ಟಿದ ಹತ್ತಿಯೊಳಗ ಏನೇನು ಇರತಿತ್ತು!
ಹೇರ್‌ಪಿನ್ನು, ಎಂಟಾಣೆ, ಒಮ್ಮೆ ಒಂದು ಹಾಲಹಲ್ಲು,
ಯಾರದೋ ಜ್ವರದ ಬೆವರು.
ಹಿಂಜಿದರ ಎಲ್ಲಾ ಧೂಳಾಗಿ ಮ್ಯಾಲೇಳತಿತ್ತು.
ಮೂಗಿಗೆ ಟವೆಲ್ ಕಟಗೊಂಡು ಅಪ್ಪ
ಮೋಡದೊಳಗ ಕೂತಿರತಿದ್ದ.

ನನ್ನ ಬಿಲ್ಲು ಈಗ ಪ್ಲಾಸ್ಟಿಕ್ ಪೈಪು.
ಒಂದು ತುದಿ ಮರಳಿನಾಗ, ಒಂದು ತುದಿ ಬಕೆಟ್ಟಿನಾಗ.
ಬಾಯಿಲೆ ಎಳೀತೀನಿ, ನಾಲಿಗಿಗೆ ಉಪ್ಪು ತಾಕಿದ ಕೂಡಲೆ ಬಿಡತೀನಿ.
ಮರಳು ಪೈಪಿನ ಗಂಟಲತನಕ ಏರಿ, ಕುಣದು, ವಾಪಸ್ ಬೀಳತದ.
ಹಗುರಿದ್ದದ್ದು ಹೋಗತದ: ಹೇಲು, ತಿನ್ನದ ಕಾಳು, ಹುರುಪಿ.

ಹ್ವಾದ ವರ್ಷ ಡಾಕ್ಟರ ಮನಿಗೆ ಬೀಗರು ಬರೋರಿದ್ರು.
ಒಂದ ಕಲೆ ಕಾಣಬಾರದು ಅಂದ್ರು ಮೇಡಮ್ಮು.
ಮೂಲಿ ಬಿಡದೆ ತಿರುವಿದೆ.
ಕಲ್ಲಿನ ಬುಡಕ್ಕ, ವರ್ಷಗಟ್ಟಲೆ ಯಾರೂ ಮುಟ್ಟದಲ್ಲಿಗೂ
ಬೆರಳು ಹಾಕಿದೆ.
ಕರ್ರಗ ಒಂದು ಹೊಗಿ ಎದ್ದಿತು,
ಕೊಳತ ತತ್ತಿ ವಾಸನಿ.
ಮುಂಜಾನೆ ಮರಳು ಅಪ್ಪಟ ಬೆಳ್ಳಗ,
ಅದರ ಮ್ಯಾಲ ಅರಿಶಿಣದ ಮೀನು ಅಡ್ಡ ಮಲಗಿತ್ತು.

ಅಪ್ಪಗ ಹೇಳಿದೆ. ಬೈಲಿಲ್ಲ.
"ಒಂದ ಓಣ್ಯಾಗ ಒಂದ ದಿನ ಎಲ್ಲಾ ಗಾದಿ ಬಿಚ್ಚಬಾರದೋ,
ರಾತ್ರಿ ಮಂದಿ ಮಲಗೋದೆಲ್ಲಿ?"

ಈಗ ವಾರಕ್ಕ ಒಂದು ಪಾಲು.
ಗಾಜಿಗೆ ಹೊರಗಿನಿಂದ ಚಾಕ್‌ಪೀಸಿಲೆ ಗೆರಿ ಹಾಕೀನಿ.
ಕಲ್ಲಿನ ಬುಡ ಮುಟ್ಟಂಗಿಲ್ಲ, ಅಲ್ಲಿ ಕಪ್ಪು ಮಲಗಿರಲಿ.
ಉಳದದ್ದಕ್ಕ ಒಂದು ಆಳು ಇಟ್ಟೀನಿ, ಬೆರಳುದ್ದದ ಮೀನು;
ಕೊಲ್ಹಾಪುರದ ಅಂಗಡ್ಯಾವ ಗೋಬಿ ಅಂದ,
ಮಂಚೂರಿ ನೆನಪಾಗಿ ನಕ್ಕೆ.
ಬಾಯಿತುಂಬ ಮರಳು ಮುಕ್ಕತದ, ಜಗೀತದ,
ಕಿವಿರಿನಿಂದ ಉದರಸತದ ಹಿಟ್ಟು ಸಾಣಿಸಿದಂಗ,
ದಿನವಿಡೀ, ಐತವಾರ ಸೈತ.

ಮೊನ್ನೆ ಅಪ್ಪನ ಮೋತಿಬಿಂದು ತಗದ್ರು.
ಹಸಿರು ಪಟ್ಟಿ ಬಿಚ್ಚಿದ ಮ್ಯಾಲ ಮೊದಲ ನೋಡಿದ್ದು ಈ ತೊಟ್ಟಿ,
ಗಾಜಿಗೆ ಮೂಗು ಹಚ್ಚಿ, ಭಾಳ ಹೊತ್ತು.
ಮೀನು ತುಂಬಿಕೊಂಡಿತು. ಉಗುಳಿತು.
ಬೆಳ್ಳನೆ ಒಂದು ಮೋಡ.
ಅಪ್ಪನ ಕೈ ತನ್ನಷ್ಟಕ್ಕ ಹೆಗಲಿಗೆ ಹೋತು, ಟವೆಲ್ ಹುಡುಕಿ.

"ಇಂವಾ ನಮ್ಮ ಪೈಕಿನ" ಅಂದ.
ಆಮ್ಯಾಲ, ನರ್ಸಮ್ಮಗ ಕೇಳಿಸದಂಗ, ಸಣ್ಣ ದನಿಲೆ:
"ಕೂಲಿ ಕೊಡತಾರೇನು ಇವಗ?"